ಡೇರಿಯಲ್ಲಿ ಓದಿದ ಖಾರ್ಟೂಮಿನ ಕಾಗದಗಳು

"ನನ್ನ ಮಗಳು ಡ್ಯೂಟಿಗೆ ಬಂದು ಕಿಟಕಿ ತೆಗೆದ್ಲು ಅಂದ್ರೆ ಮುಗೀತು, ಆ ಕಡೆ ಸೈನ್ಯನೂ ಈ ಕಡೆ ಸೈನ್ಯನೂ ಬಂದೂಕ ಕೆಳಗಿಟ್ಬಿಡ್ತವೆ. ಮೇಡಂ ತಿಂಡಿ ತಿನ್ಲಿ, ಆಮೇಲೆ ಹೊಡೆದಾಡಾನ ಅಂತ."

ಅಪ್ಪಯ್ಯಣ್ಣ ಹಾಲಿನ ಡೇರಿಯ ಕಟ್ಟೆಯ ಮೇಲೆ ಕೂತು ಹೀಗೆಂದಾಗ, ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಜನ ನಗಲಿಲ್ಲ. ನಗುವುದನ್ನು ಅವರು ಎಷ್ಟೋ ವರ್ಷಗಳ ಹಿಂದೆಯೇ ಬಿಟ್ಟಿದ್ದರು. ತೂಬಗೆರೆ ಹೋಬಳಿಯಲ್ಲಿ ಅಪ್ಪಯ್ಯಣ್ಣನ ಮಾತನ್ನು ಹಾಲಿನಂತೆಯೇ ತೂಗುತ್ತಿದ್ದರು, ಮೊದಲು ಫ್ಯಾಟ್ ನೋಡಿ ಆಮೇಲೆ ಲೀಟರು. ಆತ ಹಾಲಿಗೆ ಜನ್ಮದಲ್ಲಿ ಒಂದು ತೊಟ್ಟು ನೀರು ಬೆರೆಸಿದವನಲ್ಲ. ಆ ನೀರನ್ನೆಲ್ಲ ಮಾತಿಗೆ ಮೀಸಲಿಟ್ಟಿದ್ದ. ಅವನ ತೋಟದ ಒಂದು ದ್ರಾಕ್ಷಿ ಗೊಂಚಲು ಇಳಿಸೋಕೆ ನಾಲ್ಕು ಆಳು, ಒಂದು ಏಣಿ ಬೇಕಾಗಿತ್ತಂತೆ. ಅವನ ಸೀಮೆಹಸು 'ಅಂಬಾ' ಅಂದರೆ ದೇವನಹಳ್ಳಿಯಲ್ಲಿ ಇಳಿಯಬೇಕಾದ ವಿಮಾನ ಹೆದರಿ ಇನ್ನೊಂದು ಸುತ್ತು ಹೊಡೆಯುತ್ತಿತ್ತಂತೆ. ಬೋರ್‌ವೆಲ್ ಕೊರೆಸಿದ ದಿನ ನೀರು ಚಿಮ್ಮಿದ ರಭಸಕ್ಕೆ ಅಲ್ಲೆಲ್ಲೋ ಶಿವಗಂಗೆ ಬೆಟ್ಟ ಹತ್ತುತ್ತಿದ್ದವರು ಛತ್ರಿ ಬಿಚ್ಚಿದ್ದರಂತೆ.

ಮಗಳ ವಿಷಯದಲ್ಲಿ ಒಂದು ಮಾತು ಮಾತ್ರ ನಿಜವಾಗಿತ್ತು. ಪ್ರಮೋದಾ ಸುಡಾನ್ ದೇಶದ ಖಾರ್ಟೂಮಿನಲ್ಲಿ ಒಂದು ಆಸ್ಪತ್ರೆಯ ನರ್ಸಾಗಿದ್ದಳು, ಮತ್ತು ಆ ಊರಿನಲ್ಲಿ ಯುದ್ಧ ಶುರುವಾಗಿತ್ತು.

ಪ್ರಮೋದಾ ಮಾತು ಕಡಿಮೆಯ ಹೆಣ್ಣು. ಮನೆಯ ಪಾಲಿಗೆ ಬಂದ ಮಾತನ್ನೆಲ್ಲ ಅಪ್ಪನೇ ಖರ್ಚು ಮಾಡಿಬಿಡುತ್ತಿದ್ದರಿಂದ ಅವಳಿಗೂ ತಾಯಿ ಅಮ್ಮಯಮ್ಮನಿಗೂ ಉಳಿದದ್ದು ಸ್ವಲ್ಪವೇ. ಹೈಸ್ಕೂಲಿನಲ್ಲಿದ್ದಾಗ ಅಜ್ಜಿಯ ಕಿಡ್ನಿ ಕೈಕೊಟ್ಟಿತು. ರಕ್ತ ತೊಳೆಸೋಕೆ ಅಜ್ಜಿಯನ್ನು ವಾರವಾರ ಬೆಂಗಳೂರಿನ ಬಸ್ಸಿಗೆ ಹತ್ತಿಸಿಕೊಂಡು ಹೋಗುತ್ತಿದ್ದವಳು ಈ ಹುಡುಗಿಯೇ. ಅಪ್ಪಯ್ಯಣ್ಣ ಒಂದು ಸಲ ಜೊತೆಗೆ ಹೋಗಿದ್ದ. ಕೊಳವೆಯಲ್ಲಿ ತನ್ನ ತಾಯಿಯ ರಕ್ತ ಓಡುವುದನ್ನು ಕಂಡು ಮೂರ್ಛೆ ಬಿದ್ದ. ಊರಿಗೆ ಬಂದು ಮಾತ್ರ, ಮಿಷಿನ್ನು ಕೆಟ್ಟಿತ್ತು, ತಾನೇ ಸ್ಪ್ಯಾನರ್ ಹಿಡಿದು ಸರಿಮಾಡಿದೆ ಎಂದ. ಅಜ್ಜಿ ಹೋದ ಮೇಲೆ ಪ್ರಮೋದಾ ನರ್ಸಿಂಗ್ ಓದಿದಳು, ಬೆಂಗಳೂರಿನಲ್ಲಿ ಡಯಾಲಿಸಿಸ್ ವಾರ್ಡಿಗೇ ಸೇರಿದಳು. ಒಂದು ಸಂಬಂಧ ಬಂತು. ಗಂಡಿನ ಕಡೆಯವರು "ಮದುವೆ ಆದ್ಮೇಲೆ ಈ ರಕ್ತದ ಕೆಲಸ ಬೇಡಮ್ಮ" ಅಂದರು. "ಸರಿ, ಮದುವೆ ಬೇಡ" ಅಂದು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಮೂವತ್ತು ದಾಟಿದ ಮೇಲೆ ಸುಡಾನಿಗೆ ಹೊರಟಳು. ಹೊರಡುವ ತನಕ ಅಪ್ಪ ಮುನಿಸಿಕೊಂಡಿದ್ದ. ವಿಮಾನ ಏರಿದ ಮಾರನೆಯ ದಿನದಿಂದ ಆ ಆಸ್ಪತ್ರೆಗೆ ಅವಳೇ ಯಜಮಾನಿ ಎಂದು ಡೇರಿಯಲ್ಲಿ ಸಾರಿದ.

ಅವಳು ಕಾಗದ ಬರೆಯುವುದೆಂದರೆ ಫೋನಿನಲ್ಲಿ ಕನ್ನಡದಲ್ಲಿ ಉದ್ದಕ್ಕೆ ಟೈಪ್ ಮಾಡುವುದು. ಯುದ್ಧ ಶುರುವಾದ ಮೇಲೆ ಸಿಗ್ನಲ್ ಸಿಕ್ಕಾಗ ಮಾತ್ರ ಅದು ಒಟ್ಟಿಗೆ ಬಂದು ಬೀಳುತ್ತಿತ್ತು. ಅಪ್ಪಯ್ಯಣ್ಣನಿಗೆ ಫೋನಿನ ಇರುವೆಯಂಥ ಅಕ್ಷರ ಹಿಡಿಸದು. ಕಾಗದ ಎಂದರೆ ಕಾಗದದ ಮೇಲೇ ಇರಬೇಕು. ಆದ್ದರಿಂದ ತೂಬಗೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಚಲಪತಿಯ ಹತ್ತಿರ ಹೋಗಿ ಪ್ರಿಂಟ್ ಹಾಕಿಸುವುದು, ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಡುವುದು, ಬೆಳಿಗ್ಗೆ ಡೇರಿಯಲ್ಲಿ ಬಿಚ್ಚಿ ಓದುವುದು. ಹೀಗಾಗಿ ಆ ಕಾಗದಗಳಲ್ಲಿ ನಿಜವಾಗಿ ಏನಿದೆ ಎಂಬುದು ಹೋಬಳಿಯಲ್ಲಿ ಇಬ್ಬರಿಗೇ ಗೊತ್ತಿತ್ತು, ಓದುವವನಿಗೆ ಮತ್ತು ಚಲಪತಿಗೆ.

ಮೊದಲ ಕಾಗದದಲ್ಲಿ ಹೀಗಿತ್ತು: "ಅಪ್ಪ, ಅಮ್ಮ, ನಾನು ಬದುಕಿದ್ದೀನಿ. ಬೆಳಿಗ್ಗೆಯಿಂದ ಗುಂಡಿನ ಸದ್ದು ನಿಂತಿಲ್ಲ. ಒಂದು ಶೆಲ್ ಬಿದ್ದು ನಮ್ಮ ಲ್ಯಾಬ್ ಪುಡಿಯಾಗಿದೆ. ರೋಗಿಗಳ ಮಂಚ ಕಿಟಕಿಯಿಂದ ದೂರ ಎಳೆದು ಗೋಡೆ ಬದಿಗೆ ಹಾಕಿದ್ದೀವಿ. ಅಪ್ಪ, ಇದನ್ನ ಡೇರಿಯಲ್ಲಿ ಓದಬೇಡ."

ಡೇರಿಯಲ್ಲಿ ಅಪ್ಪಯ್ಯಣ್ಣ ಓದಿದ: "ಆಸ್ಪತ್ರೇನ ದೊಡ್ಡದು ಮಾಡ್ತಾವ್ರಂತೆ. ಹಳೇ ಲ್ಯಾಬ್ ಒಡೆದವ್ರೆ. ಮಂಚ ಗಿಂಚ ಎಲ್ಲ ಬೇರೆ ಕಡೆಗೆ ಸಾಗಿಸ್ತಾವ್ರೆ, ನನ್ನ ಮಗಳೇ ಮುಂದೆ ನಿಂತವ್ಳೆ."

ಎರಡನೆಯದು ಇನ್ನೂ ಉದ್ದ. "ಒಬ್ಬರ ರಕ್ತ ತೊಳೆಯೋಕೆ ನಾಲ್ಕು ಗಂಟೆ ಬೇಕು. ಕರೆಂಟ್ ಇಲ್ಲ, ಜನರೇಟರಿಗೆ ಡೀಸೆಲ್ ಇಲ್ಲ, ಅದಕ್ಕೆ ಎರಡು ಗಂಟೆಗೆ ಇಳಿಸಿದ್ದೀವಿ. ಕಾಲು ಊದಿಕೊಂಡು ಬರ್ತಾರೆ, ಊದಿಕೊಂಡೇ ಹೋಗ್ತಾರೆ. ಕೆಲವರು ಆಮೇಲೆ ಬರೋದೇ ಇಲ್ಲ, ರಸ್ತೆ ದಾಟೋಕೆ ಆಗಲ್ಲ. ಯಾರಿಗೆ ಮೊದಲು ಹಾಕಬೇಕು ಅಂತ ನನ್ನನ್ನೇ ಕೇಳ್ತಾರೆ. ನಫೀಸಾ ಅಂತ ಒಬ್ಬರು ರಿಟೈರ್ಡ್ ಟೀಚರ್ ಇದ್ದಾರೆ, ನನಗೆ ಅರೇಬಿಕ್ ಹೇಳಿಕೊಟ್ಟು ನಾನು ಮಾತಾಡೋದು ಕೇಳಿ ನಗ್ತಾರೆ. ಥೇಟ್ ನಮ್ಮಜ್ಜಿ ಥರ ಮಾತ್ರೆ ನುಂಗದೆ ಸೆರಗಿಗೆ ಕಟ್ಟಿಟ್ಕೋತಾರೆ. ಇವತ್ತು ಅವರ ಸರದಿ ತೆಗೆದು ಒಬ್ಬ ಹುಡುಗನಿಗೆ ಕೊಟ್ಟೆ. ಅವರು ಏನೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು."

ಡೇರಿಯಲ್ಲಿ: "ಬೇರೆಯೋರು ನಾಲ್ಕು ಗಂಟೇಲಿ ಮಾಡೋ ಕೆಲ್ಸಾನ ನನ್ನ ಮಗಳು ಎರಡೇ ಗಂಟೇಲಿ ಮುಗಿಸ್ತಾಳಂತೆ. ಕೈಗುಣ ಕಣ್ರಪ್ಪಾ, ಕೈಗುಣ."

ಆವತ್ತು ಚಲಪತಿಯೂ ಹಾಲು ಹಾಕಲು ಬಂದಿದ್ದ. ಪಕ್ಕಕ್ಕೆ ಕರೆದು ಮೆತ್ತಗೆ ಅಂದ, "ಅಣ್ಣೋ, ಪ್ರಿಂಟ್ ಹೊಡೆದೋನು ನಾನು. ನನ್ನ ಮಿಷಿನ್ನಾಗೆ ಇಂಥ ಇಂಕು ಇರ್ಲಿಲ್ವಲ್ಲ."

"ಮುಚ್ಚಲೇ ಬಾಯ್ನ. ಅಮ್ಮಯಮ್ಮಂಗೆ ಗೊತ್ತಾದ್ರೆ ಉಸಿರೇ ನಿಂತೋಯ್ತದೆ."

ಅಮ್ಮಯಮ್ಮನಿಗೂ ಅವನು ಡೇರಿಯ ಪಾಠವನ್ನೇ ಓದುತ್ತಿದ್ದ. ಆಕೆಗೆ ಓದು ಬಾರದು, ಕಣ್ಣಂತೂ ಚೆನ್ನಾಗಿತ್ತು. "ಎರಡು ಮಗ್ಗಲೂ ತುಂಬ ಬರೆದವ್ಳೆ," ಎಂದಳು ಒಂದು ದಿನ, ಕಾಗದವನ್ನು ಬೆಳಕಿಗೆ ಹಿಡಿದು. "ನೀವು ಓದಿದ್ದು ಇಷ್ಟೇ ಇಷ್ಟು. ಮಿಕ್ಕಿದ್ದೆಲ್ಲ ಏನು, ಅಂಚಾ ಸೆರಗಾ?"

"ಅದೆಲ್ಲ ಡಾಕ್ಟರ್ ಭಾಷೆ ಕಣೆ, ನಿಂಗೆ ಅರ್ಥ ಆಗಲ್ಲ."

"ನಿಮಗೆ ಆಗೋಯ್ತಾ?"

ಅಪ್ಪಯ್ಯಣ್ಣ ಟವಲ್ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ನಡೆದ. ಮಿಕ್ಕಿದ್ದೆಲ್ಲ ಅವನಿಗೆ ಅರ್ಥವಾಗಿತ್ತು. ದ್ರಾಕ್ಷಿ ಚಪ್ಪರದ ಕೆಳಗೆ ಕೂತು ಅದನ್ನೇ ಮತ್ತೆ ಮತ್ತೆ ಓದುತ್ತಿದ್ದ. ಸಂಜೆಗೆ ಆ ಕಾಗದ ನೀರಿಗೆ ಬಿದ್ದ ಹಪ್ಪಳದಂತೆ ಆಗಿರುತ್ತಿತ್ತು.

ಈಗ ತೂಬಗೆರೆ ಕಡೆಯ ಒಂದು ಪದ್ಧತಿ ಹೇಳಬೇಕು. ಊರಿನವರ ಮುಂದೆ ಉಬ್ಬಿಸು, ಸರ್ಕಾರದ ಮುಂದೆ ಕುಗ್ಗಿಸು ಎನ್ನುವುದು ಅಲ್ಲಿ ತಾಯಿಹಾಲಿನ ಜೊತೆಗೇ ಬರುವ ವಿದ್ಯೆ. ಡೇರಿಯಲ್ಲಿ ನಾಲ್ಕು ಹಸು ಇದ್ದವನಿಗೆ, ಗಣತಿಯವರು ಬಂದಾಗ ಒಂದೇ ಹಸು, ಅದೂ ಗೊಡ್ಡು. ಉಕ್ಕುವ ಬೋರ್‌ವೆಲ್ಲು ಕಚೇರಿಯವರನ್ನು ಕಂಡ ಕೂಡಲೇ ಬತ್ತುತ್ತದೆ. ಅಪ್ಪಯ್ಯಣ್ಣ ಈ ವಿದ್ಯೆಯಲ್ಲಿ ಎಂಥ ಪಂಡಿತನೆಂದರೆ, ಒಮ್ಮೆ ಮನೆಗೆ ಬಂದ ಅಧಿಕಾರಿಗೆ ಅವನ ಬಡತನ ಕೇಳಿ ಕಣ್ಣೀರು ಬಂದು, ಹೋಗುವಾಗ ಅವರೇ ಕೈಗೆ ಐವತ್ತು ರೂಪಾಯಿ ಇಟ್ಟು ಹೋಗಿದ್ದರಂತೆ. ಆ ಏಪ್ರಿಲ್ಲಿನಲ್ಲಿ ಊರಿಡೀ ಒಂದು ಸುದ್ದಿ ಹಬ್ಬಿತ್ತು, ಮನೆಯವರು ಯಾರಾದರೂ ಫಾರಿನ್ನಿನಲ್ಲಿದ್ದರೆ ಬಿಪಿಎಲ್ ಕಾರ್ಡು ಕಿತ್ತುಕೊಳ್ಳುತ್ತಾರೆ ಅಂತ. ಯಾರು ಹೇಳಿದರು ಎಂದರೆ ಎಲ್ಲರೂ ಹೇಳಿದರು.

ಅಂಥ ದಿನದಲ್ಲಿ ತೋಟದಲ್ಲಿದ್ದ ಅಪ್ಪಯ್ಯಣ್ಣನಿಗೆ ಫೋನ್ ಬಂತು.

"ನಮಸ್ಕಾರ ಸರ್, ಜಿಲ್ಲಾ ಸಹಾಯವಾಣಿಯಿಂದ ಮಾತಾಡ್ತಾ ಇದ್ದೀವಿ. ಪ್ರಮೋದಾ ಅನ್ನೋರು ನಿಮ್ಮ ಮಗಳಾ?" ಹೆಣ್ಣುಮಗಳ ದನಿ.

"ಯಾಕೆ ತಾಯಿ?"

"ಅವರು ಹೊರದೇಶದಲ್ಲಿದ್ದಾರಾ ಅಂತ ಖಾತ್ರಿ ಮಾಡ್ಕೋಬೇಕಿತ್ತು."

ಅಪ್ಪಯ್ಯಣ್ಣನ ಕಣ್ಣ ಮುಂದೆ ರೇಷನ್ ಕಾರ್ಡು ರೆಕ್ಕೆ ಬಡಿದು ಹಾರಿತು. "ಹೊರದೇಶನಾ? ಅಯ್ಯೋ ತಾಯಿ, ನಮ್ಮಂತೋರ್ಗೆ ಎಲ್ಲಿಂದ ಬಂತು ಆ ಯೋಗ. ನೆಲಮಂಗಲದಾಗೆ ಯಾವ್ದೋ ಸಣ್ಣ ನರ್ಸಿಂಗ್ ಹೋಮ್ನಾಗೆ ಅವ್ಳೆ. ವಾರಕ್ಕೊಂದ್ಸಲ ಬಸ್ಸಿಗೆ ಬಂದೋಯ್ತಾಳೆ. ಸಂಬಳನೂ ಸರ್ಯಾಗಿ ಕೊಡಲ್ಲ ಆ ಮುಂಡೇವು."

"ಸುಡಾನ್ ಅಂತ ಬಂದಿದೆಯಲ್ಲ ಸರ್?"

"ಅದ್ಯಾವ ಕಡೆ ಊರೋ ನಾ ಕಾಣೆ."

ಆಕೆ ಇನ್ನೇನೋ ಹೇಳುವಷ್ಟರಲ್ಲಿ ಫೋನ್ ಇಟ್ಟು, ಮುಖ ಒರೆಸಿಕೊಂಡು, ಸರ್ಕಾರವನ್ನೇ ಗೆದ್ದವನ ಹಾಗೆ ಒಂದು ಬೀಡಿ ಹಚ್ಚಿದ. ಬದುಕಿನುದ್ದಕ್ಕೂ ಮಗಳನ್ನು ಆಕಾಶಕ್ಕೆ ಏರಿಸಿದ್ದವನು ಆವತ್ತೊಂದು ದಿನ ನೆಲಕ್ಕೆ ಇಳಿಸಿದ್ದ. ಅದೊಂದು ಮಾತನ್ನೇ ಜಗತ್ತು ನಂಬಿತು.

ಮೂರನೆಯ ಕಾಗದವನ್ನು ಚಲಪತಿ ಮಗುಚಿ ಕೊಟ್ಟ. ಕಾಸು ತೆಗೆದುಕೊಳ್ಳಲಿಲ್ಲ. "ಕೂತ್ಕೊಂಡು ಓದಣ್ಣ," ಎಂದು ಸ್ಟೂಲು ಎಳೆದು ಹಾಕಿದ.

"ಅಪ್ಪ, ನಿನ್ನೆ ನಮ್ಮನ್ನ ಕರ್ಕೊಂಡು ಹೋಗೋಕೆ ಬಸ್ ಬಂದಿತ್ತು. ಇಂಡಿಯಾದವರ ಹೆಸರನ್ನ ಒಂದೊಂದಾಗಿ ಕೂಗಿದರು. ನನ್ನ ಜೊತೆ ಕೆಲಸ ಮಾಡೋ ಸಂಘಮಿತ್ರ ಹತ್ತಿದಳು. ನನ್ನ ಹೆಸರು ಕೂಗಲಿಲ್ಲ. ನನ್ನ ಪಾಸ್‌ಪೋರ್ಟ್ ಸೇತುವೆ ಆಚೆ ಆಸ್ಪತ್ರೆಯವರ ಆಫೀಸಿನಲ್ಲಿದೆ, ಅಲ್ಲಿಗೆ ಹೋದವರು ತಿರುಗಿ ಬಂದಿಲ್ಲ. ಹೋಗಿ ಕೇಳಿದೆ. ನಿಮ್ಮ ಕೈಲಿ ಏನೂ ದಾಖಲೆ ಇಲ್ಲ, ನಿಮ್ಮ ಮನೆಯಲ್ಲಿ ವಿಚಾರಿಸಿದರೆ ಆ ಪ್ರಮೋದಾ ನೆಲಮಂಗಲದಲ್ಲಿದ್ದಾಳೆ ಅಂದಿದ್ದಾರೆ, ಮತ್ತೆ ವಿಚಾರಿಸ್ತೀವಿ ಅಂದರು. ಬಸ್ ಹೋಯ್ತು. ಅಪ್ಪ, ಅವರು ಯಾರನ್ನ ಕೇಳಿದ್ದು?"

ಹಿಂಬದಿಯಲ್ಲಿ ಇನ್ನೂ ಇತ್ತು. ಅಪ್ಪಯ್ಯಣ್ಣ ಕಾಗದ ತಿರುಗಿಸಲಿಲ್ಲ.

"ಯಾರಣ್ಣ ಹಂಗಂದಿದ್ದು?" ಎಂದ ಚಲಪತಿ. ಮುಖ ನೋಡಿ ನೀರಿನ ಚೊಂಬು ಮುಂದಿಟ್ಟ.

ಸಹಾಯವಾಣಿಗೆ ಅಪ್ಪಯ್ಯಣ್ಣ ಅಲ್ಲಿಂದಲೇ ಫೋನ್ ಮಾಡಿದ. ಬೇರೆ ಯಾರೋ ಎತ್ತಿದರು. "ನನ್ನ ಮಗಳು ಸುಡಾನ್ನಾಗೆ ಅವ್ಳೆ ಸ್ವಾಮಿ, ಆವತ್ತು ನಾನು ಸುಳ್ಳು ಹೇಳ್ದೆ" ಎಂದ. ಆವತ್ತಿನದು ಸುಳ್ಳೋ ಇವತ್ತಿನದು ಸುಳ್ಳೋ ತಿಳಿಯುವುದು ಹೇಗೆ ಯಜಮಾನರೇ, ದಾಖಲೆ ತಗೊಂಡು ದೊಡ್ಡಬಳ್ಳಾಪುರದ ಕಚೇರಿಗೆ ಬನ್ನಿ ಎಂದರು. ಅವರ ಮಾತು ನ್ಯಾಯವಾಗೇ ಇತ್ತು. ಅಪ್ಪಯ್ಯಣ್ಣನಿಗೆ ಅದೇ ಹೆಚ್ಚು ಚುಚ್ಚಿತು. ಬೈದುಕೊಳ್ಳಲು ಒಬ್ಬ ಅಧಿಕಾರಿಯೂ ಸಿಗಲಿಲ್ಲ, ಇದ್ದವನು ತಾನೊಬ್ಬನೇ.

ಚಲಪತಿ ತನ್ನ ಕಂಪ್ಯೂಟರನ್ನೆಲ್ಲ ಜಾಲಾಡಿ, ಅವಳು ಹೊರಡುವಾಗ ತೆಗೆಸಿದ್ದ ಪಾಸ್‌ಪೋರ್ಟ್ ಪ್ರತಿಯನ್ನು ಹುಡುಕಿಕೊಟ್ಟ. ಅಮ್ಮಯಮ್ಮನಿಗೆ ಏನು ಹೇಳುವುದು? "ಮಗಳ ಕಾಗದಕ್ಕೆ ನನ್ನದೊಂದು ಸಹಿ ಬೇಕಂತೆ, ಪೇಟೆಗೆ ಹೋಗ್ಬತ್ತೀನಿ" ಎಂದ. ಆಕೆ ಅವನ ಮುಖವನ್ನು ಒಮ್ಮೆ, ಕೈಯಲ್ಲಿದ್ದ ಕಾಗದವನ್ನು ಒಮ್ಮೆ ನೋಡಿ, ಸೀರೆ ಬದಲಿಸಿಕೊಂಡು ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತಳು. ದೊಡ್ಡಬಳ್ಳಾಪುರದ ತನಕ ಒಂದು ಮಾತೂ ಆಡಲಿಲ್ಲ. ಅಪ್ಪಯ್ಯಣ್ಣನೂ ಆಡಲಿಲ್ಲ. ಅವನು ಬಾಯಿ ಮುಚ್ಚಿದ್ದನ್ನು ಕಂಡ ಕಂಡಕ್ಟರು, ಹುಷಾರಿಲ್ಲವೇನೋ ಅಂದುಕೊಂಡು, ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟ.

ಕಚೇರಿಯಲ್ಲಿ ಈ ಕೆಲಸಕ್ಕೆಂದು ಕೂತಿದ್ದ ಅಧಿಕಾರಿ ಶಾಮಲಾ ಎನ್ನುವವರು. ಮೂರು ಊರಿನ ಜನ ಮುತ್ತಿಕೊಂಡಿದ್ದರೂ ಇವರನ್ನು ಕರೆದು ಕೂರಿಸಿದರು. ಅಪ್ಪಯ್ಯಣ್ಣನ ನಾಲಿಗೆ ಹಳೆಯ ಎತ್ತು. ನೊಗ ಕಂಡರೆ ಅದೇ ದಾರಿ ಹಿಡಿಯುತ್ತದೆ. "ಮೇಡಂ, ನನ್ನ ಮಗಳು ಅಂದ್ರೆ ಆ ದೇಶದ ದೊಡ್ಡ ದೊಡ್ಡೋರೆಲ್ಲ ಎದ್ದು..." ಎಂದು ಶುರುಮಾಡಿದ.

"ಅಜ್ಜ," ಎಂದರು ಶಾಮಲಾ, "ಫೋನಿನಲ್ಲಿ ನೆಲಮಂಗಲ ಅಂದಿದ್ದೀರಿ. ಈಗ ಹೀಗಂತೀರಿ. ಪಾಸ್‌ಪೋರ್ಟ್ ಪ್ರತಿ ನೋಡಿದೆ, ನಂಬ್ತೀನಿ. ಆದ್ರೆ ಆಸ್ಪತ್ರೆಗೆ ಫೋನ್ ಹೋಗ್ತಾ ಇಲ್ಲ. ಅವರು ಈಗ ಆ ಊರಲ್ಲಿ ಎಲ್ಲಿದ್ದಾರೆ ಅಂತ ಬರೆದು ಕಳಿಸಬೇಕು. ಕೊನೇ ಕಾಗದ ಓದಿ."

ಅಪ್ಪಯ್ಯಣ್ಣ ಕಾಗದ ಬಿಚ್ಚಿದ. ಪಕ್ಕದಲ್ಲಿ ಅಮ್ಮಯಮ್ಮ ಕೂತಿದ್ದಳು. "ಅಪ್ಪ, ಬಸ್ ಬಂದಿತ್ತು... ನಾನು ಮುಂದಿನ ಬಸ್ಸಿಗೆ ಬತ್ತೀನಿ... ಎಲ್ರೂ ಚೆನ್ನಾಗಿ ನೋಡ್ಕೋತಾರೆ..."

"ಅಜ್ಜ, ಅಲ್ಲಿರೋದನ್ನ ಓದಿ. ನೀವು ಬಿಟ್ಟ ಸಾಲಿನಲ್ಲೇ ಆಕೆ ಇರೋ ಜಾಗ ಇರಬಹುದು."

ಆಗ ಅವನು ಓದಿದ. ಮೊದಲ ಮಗ್ಗುಲು ಓದಿ, ಅಂಗಡಿಯಲ್ಲಿ ತಿರುಗಿಸದೆ ಬಿಟ್ಟ ಎರಡನೆಯದನ್ನೂ ಓದಿದ.

"ಆಸ್ಪತ್ರೆಗೆ ಬೆಂಕಿ ಬಿದ್ದಿದೆ. ನಾವು ಹಿಂದಿನ ಬೀದಿಯಲ್ಲಿ, ಬಿಳಿ ನೀರಿನ ಟ್ಯಾಂಕಿನ ಪಕ್ಕದ ಮನೆಯ ನೆಲಮಾಳಿಗೆಯಲ್ಲಿ ಇದ್ದೀವಿ. ಎರಡು ಮಿಷಿನ್ ಹೊತ್ತು ತಂದಿದ್ದೀವಿ. ಕ್ಯಾನಿನಲ್ಲಿ ಸ್ವಲ್ಪ ಡೀಸೆಲ್ ಇದೆ. ಬೀದಿಯಲ್ಲಿ ಸತ್ತವರು ಬಿದ್ದಿದ್ದಾರೆ, ಎತ್ತೋಕೆ ಯಾರೂ ಹೋಗಲ್ಲ, ನಾಯಿಗಳು ಹೋಗ್ತವೆ. ಕಿಟಕಿ ತೆಗೆಯೋ ಹಾಗಿಲ್ಲ. ನಿನ್ನೆ ತೆಗೆದ ವಾರ್ಡ್‌ಬಾಯ್ ಈಗ ಇಲ್ಲ. ಅಮ್ಮ, ನನಗೆ ತುಂಬಾ ಭಯ ಆಗ್ತಿದೆ. ಮುಂದೆ ಮೆಸೇಜ್ ಬರದಿದ್ರೆ ಬ್ಯಾಟರಿ ಮುಗಿದಿದೆ ಅಂದ್ಕೊಳ್ಳಿ. ಬೇರೆ ಏನೂ ಅಂದ್ಕೋಬೇಡಿ."

ಓದಿ ಮುಗಿಸಿದಾಗ ಶಾಮಲಾ ಬಿಳಿ ಟ್ಯಾಂಕಿನ ಸಾಲನ್ನು ಆಗಲೇ ಬರೆದುಕೊಂಡಿದ್ದರು. ಅಮ್ಮಯಮ್ಮ ಅಳಲಿಲ್ಲ. ಚೀಲದೊಳಗೆ ಕೈ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ರೇಷನ್ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟು ಅವರ ಕಡೆಗೆ ತಳ್ಳಿದಳು. "ಇದ್ನ ನೀವೇ ಇಟ್ಕೊಳ್ಳಿ ತಾಯಿ. ನನ್ನ ಮಗಳ ಹೆಸರು ಬರ್ಕೊಳ್ಳಿ."

ಗಂಡ ಯಾಕೆ ನೆಲಮಂಗಲ ಅಂದ ಎಂಬುದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಹೇಳಬೇಕಾಗಿಯೂ ಇರಲಿಲ್ಲ.

ಶಾಮಲಾ ಕಾರ್ಡನ್ನು ಮೆಲ್ಲಗೆ ಅವಳ ಕೈಗೇ ಹಿಂದಿರುಗಿಸಿದರು. "ಅಮ್ಮ, ಆ ಫೋನಿಗೂ ಈ ಕಾರ್ಡಿಗೂ ಸಂಬಂಧಾನೇ ಇಲ್ಲ. ಹೆಸರು ಈಗಲೇ ಕಳಿಸ್ತೀನಿ. ಆದ್ರೆ ಇನ್ನೊಂದು ಬಸ್ ಆ ಬೀದಿಗೆ ಹೋಗುತ್ತೆ ಅಂತ ನಾನು ಹೇಳಲಾರೆ."

ಆಮೇಲಿನದು ಕಾಯುವ ಕಾಲ. ಫೋನು ಸತ್ತ ಕಪ್ಪೆಯ ಹಾಗೆ ಬಿದ್ದಿತ್ತು. ಅಪ್ಪಯ್ಯಣ್ಣ ಅದನ್ನು ಚಾರ್ಜಿಗೆ ಹಾಕಿ ತೆಗೆದು, ಹಾಕಿ ತೆಗೆದು, ಊರಿನ ಕರೆಂಟೆಲ್ಲ ಅದರೊಳಗೇ ಹೋಯಿತೇನೋ ಎನ್ನುವಂತಾಯಿತು. ಕೊಯ್ಲಿಗೆ ಬಂದ ದ್ರಾಕ್ಷಿ ಚಪ್ಪರದಲ್ಲೇ ಒಣಗಿ ಜೇನುಹುಳಕ್ಕೆ ಊಟವಾಯಿತು. ಅಮ್ಮಯಮ್ಮ ಅನ್ನ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ಒಂದು ಸಲ ಮಾತ್ರ ಕೇಳಿದಳು, "ಮೊದಲಿನ ಕಾಗದಗಳು ಎಲ್ಲವೆ?" ತಂದುಕೊಟ್ಟ. "ಓದಿ," ಎಂದಳು. ಶುರುವಿನಿಂದ ಎಲ್ಲವನ್ನೂ, ಲ್ಯಾಬು, ಊದಿದ ಕಾಲು, ನಫೀಸಾ ಟೀಚರು, ಒಂದನ್ನೂ ಬಿಡದೆ ಓದಿಸಿಕೊಂಡಳು. ಮುಗಿದ ಮೇಲೆ ಹಸುವಿಗೆ ಹುಲ್ಲು ಹಾಕಲು ಎದ್ದು ಹೋದಳು. ಕೊಟ್ಟಿಗೆಯಲ್ಲಿ ಬಹಳ ಹೊತ್ತು ಇದ್ದಳು.

ಡೇರಿಗೆ ಅವನು ಹೋಗದೆ ಇರುವಂತಿರಲಿಲ್ಲ, ಹಸು ಯಾವ ಯುದ್ಧಕ್ಕೂ ರಜೆ ಕೊಡುವುದಿಲ್ಲ. ಹಾಲು ಹಾಕಿ ಸುಮ್ಮನೆ ನಿಂತ.

"ಏನಪ್ಪಯ್ಯಣ್ಣ, ಕಾಗದ ಬರ್ಲಿಲ್ವಾ? ಯುದ್ಧ ನಿಲ್ಸೋದ್ರಾಗೆ ಬಿಜಿನಾ ನಿನ್ನ ಮಗಳು?" ಎಂದ ಸಾಲಿನಲ್ಲಿದ್ದವನೊಬ್ಬ.

"ಅವ್ಳು ಸಾಮಾನ್ಯ ನರ್ಸು ಕಣ್ರಪ್ಪಾ," ಎಂದ ಅಪ್ಪಯ್ಯಣ್ಣ. "ಒಂದು ಮನೆ ನೆಲದ ಕೆಳಗೆ ಬಚ್ಚಿಟ್ಕೊಂಡವ್ಳೆ. ಹೆದರ್ಕೊಂಡವ್ಳೆ. ಬಸ್ ಬಂದಿತ್ತು, ನನ್ನ ಬಾಯಿಂದ ತಪ್ಪೋಯ್ತು."

ಜನ ನಕ್ಕರು. ಎಷ್ಟೋ ವರ್ಷಗಳ ಮೇಲೆ ನಕ್ಕರು. ಇದು ಹೊಸ ನಮೂನೆಯ ಬುರುಡೆ, ಎಂಥ ಅಭಿನಯ, ಕಣ್ಣಲ್ಲಿ ನೀರು ಬೇರೆ ತಂದಿದ್ದಾನೆ ಎಂದು ಬೆನ್ನು ತಟ್ಟಿದರು. ಅಪ್ಪಯ್ಯಣ್ಣ ಯಾರ ಮುಖವನ್ನೂ ನೋಡದೆ ನಿಂತೇ ಇದ್ದ. ಕೊನೆಗೆ ಚಲಪತಿ ಕ್ಯಾನು ಕೆಳಗಿಟ್ಟು, "ನಿಜ ಕಣ್ರೋ," ಎಂದ. ನಗು ಕರೆಂಟು ಹೋದ ಹಾಗೆ ನಿಂತಿತು. ಬೆನ್ನು ತಟ್ಟಿದ್ದವನ ಕೈ ಬೆನ್ನ ಮೇಲೇ ಉಳಿದಿತ್ತು. ಅದನ್ನು ಎತ್ತಿಕೊಳ್ಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಫೋನು ಬಂದದ್ದು ಒಂದು ಮಧ್ಯಾಹ್ನ, ಗೊತ್ತಿಲ್ಲದ ನಂಬರಿನಿಂದ. ಅಪ್ಪಯ್ಯಣ್ಣ ಹುಲ್ಲಿನ ಹೊರೆ ಎಸೆದು ಎತ್ತಿದ.

"ಅಪ್ಪ."

ಅವನಿಗೆ ಮಾತೇ ಹೊರಡಲಿಲ್ಲ. ಅಂಥ ಬಾಯಿಗೆ ಮಾತು ಹೊರಡಲಿಲ್ಲ ಎಂದರೆ ಕೆರೆಗೆ ನೀರಡಿಕೆ ಆದಂತೆ.

"ಅಪ್ಪ, ಕೇಳಿಸ್ತಾ ಇದ್ಯಾ? ಬಂದರಿನಲ್ಲಿದ್ದೀನಿ. ಹಡಗು ಹತ್ತಿಸ್ತಾರಂತೆ. ಯಾರದೋ ಫೋನು."

"ಕೇಳಿಸ್ತೈತೆ ಕಣವ್ವ. ಗಾಯ ಗೀಯ?"

"ನನಗೇನೂ ಆಗಿಲ್ಲ."

"ಅವತ್ತು ಫೋನ್‌ನಾಗೆ ನೆಲಮಂಗಲ ಅಂದೋನು ನಾನೇ ಕಣವ್ವ."

"ಗೊತ್ತು. ಬಂದರಿಗೆ ಬರೋ ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯ್ತು. ಬೇರೆ ಯಾರು ಹಾಗೆ ಹೇಳ್ತಾರೆ."

ಆ ಕಡೆ ಸಮುದ್ರದ ಗಾಳಿಯೋ ಜನರ ಗದ್ದಲವೋ ಮೊರೆಯುತ್ತಿತ್ತು. ಅಮ್ಮಯಮ್ಮ ಓಡಿ ಬಂದು ಫೋನಿಗೆ ಕಿವಿ ಹಚ್ಚಿ ನಿಂತಿದ್ದಳು.

"ಅಪ್ಪ, ನನ್ನೊಬ್ಬಳನ್ನೇ ಕರೆದರು," ಎಂದಳು ಪ್ರಮೋದಾ. ದನಿಯಲ್ಲಿ ಅಳುವಿರಲಿಲ್ಲ, ಬೇರೆ ಏನೂ ಇರಲಿಲ್ಲ. "ಗಾಡಿ ಬಂದಾಗ ನಫೀಸಾ ಟೀಚರ್ ಮಿಷಿನ್ ಮೇಲಿದ್ದರು. ಡೀಸೆಲ್ ತಳ ಕಂಡಿತ್ತು. ಹೋಗು ಹೋಗು ಅಂತ ಕೈ ಮಾಡಿದರು. ಅಲ್ಲಿ ಮಿಷಿನ್ ನಡೆಸೋಕೆ ಬರೋರು ಯಾರೂ ಉಳಿದಿಲ್ಲ. ನಾನು ಕೊಳವೆ ಬಿಚ್ಚಿ, ಪಟ್ಟಿ ಕಟ್ಟಿ, ಹಾಗೇ ಬಂದುಬಿಟ್ಟೆ."

ಮಗಳ ಎದೆಯ ಮೇಲೆ ಕೂತ ಆ ಕಲ್ಲನ್ನು ಹೇಗಾದರೂ ಕೆಳಗಿಳಿಸಬೇಕೆಂದು ಅಪ್ಪಯ್ಯಣ್ಣ ಒದ್ದಾಡಿದ. ಅವನಿಗೆ ಗೊತ್ತಿದ್ದದ್ದು ಒಂದೇ ಔಷಧಿ.

"ಅಯ್ಯೋ ಅದ್ಕ್ಯಾಕೆ ಸಂಕಟಪಡ್ತೀಯ ಮಗ. ಇಷ್ಟೊತ್ಗೆ ಯಾರೋ ಪುಣ್ಯಾತ್ಮ ಲಾರಿಗಟ್ಲೆ ಡೀಸೆಲ್ ತಂದ್ ಹಾಕಿರ್ತಾನೆ. ಡಾಕ್ಟರೂ ಬಂದಿರ್ತಾರೆ. ಆಯಮ್ಮ ಎದ್ದು ಕೂತ್ಕೊಂಡು ಟೀ ಕುಡೀತಾ ಇರ್ತಾಳೆ ನೋಡು."

ಆ ಕಡೆ ಯಾರೋ ಪ್ರಮೋದಾಳ ಹತ್ತಿರ ಫೋನು ವಾಪಸ್ ಕೇಳಿದರು.

"ಅಪ್ಪ," ಎಂದಳು, "ಅದನ್ನ ನಾಳೆ ಡೇರಿಯಲ್ಲಿ ಹೇಳು. ನನಗೆ ಹೇಳಬೇಡ."